ಕೌಂಟರ್-ಸ್ಟ್ರೈಕ್ 2: ಬಾಟ್‌ಗಳನ್ನ ಬಿಟ್ಟು ಮನುಷ್ಯರ ಜೊತೆ ಆಡೋಕೆ ಎಲ್ಲಿಂದ ಶುರು ಮಾಡ್ಲಿ?

ಹೊಸಬ_ಹಾಸನ
ಬಾಟ್‌ಗಳ ಜೊತೆ, ಅಂದ್ರೆ ಕಂಪ್ಯೂಟರ್ ತಾನೇ ಆಡಿಸೋ ಆಟಗಾರರ ಜೊತೆ ಆಡಿದ್ರೆ ಪಟ್ಟಿಯಲ್ಲಿ ಮೇಲೆ ಇರ್ತೀನಿ. ಆನ್‌ಲೈನ್ ಮ್ಯಾಚ್‌ಗೆ ಹೋದ್ರೆ 3 ಕಿಲ್, 17 ಸಾವು. ಎದುರಿನವನನ್ನ ನಾನೇ ಮೊದಲು ನೋಡಿ, ನಾನೇ ಮೊದಲು ಹೊಡೆದ್ರೂ ಸಾಯೋದು ಮಾತ್ರ ನಾನೇ. ಮೌಸ್ 1600 ಡಿಪಿಐ, ಗೇಮ್ ಒಳಗೆ ಸೆನ್ಸಿಟಿವಿಟಿ 2.5. ಮಾನಿಟರ್ 144 ಹರ್ಟ್ಸ್, ನೆಟ್ ವೈಫೈ. ಯಾವ ಮೋಡ್ ಆಡ್ಬೇಕು, ಏನು ಕೊಳ್ಬೇಕು, "ಸೇವ್ ಸೇವ್" ಅಂತ ಎಲ್ಲರೂ ಯಾಕೆ ಕಿರುಚ್ತಾರೆ, ಇದನ್ನ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಸ್ಪ್ರೇ_ಸಿದ್ದ
1600ಕ್ಕೆ 2.5? ಅಣ್ಣಾ, ಅದು ಮೌಸ್ ಅಲ್ಲ, ಬುಗುರಿ.

ಲೆಕ್ಕದ_ಮೇಷ್ಟ್ರು
ಸಿದ್ದ ಹೇಳಿದ್ದು ತಮಾಷೆಗಾದ್ರೂ ಲೆಕ್ಕ ಸರಿಯಾಗೇ ಇದೆ. ಡಿಪಿಐ ಅಂದ್ರೆ ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಳಿಸುತ್ತೆ ಅನ್ನೋದು. ಈ ಗೇಮ್‌ನಲ್ಲಿ ಸೆನ್ಸಿಟಿವಿಟಿ 1 ಇದ್ದಾಗ ಮೌಸ್‌ನ ಒಂದು ಎಣಿಕೆಗೆ ನೋಟ 0.022 ಡಿಗ್ರಿ ತಿರುಗುತ್ತೆ. ಅಂದ್ರೆ ಪೂರ್ತಿ ಒಂದು ಸುತ್ತಿಗೆ ಸುಮಾರು 16,364 ಎಣಿಕೆ. 1600 ಡಿಪಿಐಗೆ 2.5 ಇಟ್ರೆ ಬರೀ 10.4 ಸೆಂಟಿಮೀಟರ್ ಮೌಸ್ ಸರಿಸಿದ್ರೆ 360 ಡಿಗ್ರಿ ತಿರುಗಿಬಿಡ್ತೀರಿ. ಅದೇ 800 ಡಿಪಿಐಗೆ 1 ಇಟ್ರೆ 52 ಸೆಂಟಿಮೀಟರ್ ಬೇಕು. ದೂರದಲ್ಲಿ ನಿಂತವನ ತಲೆ ನಿಮ್ಮ ಪರದೆ ಮೇಲೆ ಕಡಲೆಕಾಳಿನಷ್ಟಿರುತ್ತೆ. 10 ಸೆಂಟಿಮೀಟರ್ ಸುತ್ತಿನಲ್ಲಿ ಆ ಕಾಳಿನ ಮೇಲೆ ಕೈ ನಿಲ್ಲಲ್ಲ.

800ಕ್ಕೆ 1.2ರಿಂದ ಶುರು ಮಾಡಿ. 43 ಸೆಂಟಿಮೀಟರ್ ಬರುತ್ತೆ. ಎರಡು ವಾರ ಮುಟ್ಟಬೇಡಿ. ದಿನಕ್ಕೊಂದು ಸಂಖ್ಯೆ ಬದಲಾಯಿಸೋರಿಗೆ ಯಾವ ಸಂಖ್ಯೆಯೂ ಒಗ್ಗಲ್ಲ.

ಮೌಸ್‌ಪ್ಯಾಡ್_ಮಂಜ
ಜೊತೆಗೆ ವಿಂಡೋಸ್‌ನಲ್ಲಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಅಂತ ಇರುತ್ತೆ, ಅದರ ಟಿಕ್ ತೆಗೀರಿ. ಇಲ್ಲ ಅಂದ್ರೆ ಎಷ್ಟು ಅಭ್ಯಾಸ ಮಾಡಿದ್ರೂ ವೇಸ್ಟ್.

ಲೆಕ್ಕದ_ಮೇಷ್ಟ್ರು
ಮಂಜ, ಹಳೇ ಗೇಮ್‌ಗಳಿಗೆ ಆ ಮಾತು ಸರಿ. ಸಿಎಸ್ 2 ಮೌಸ್‌ನಿಂದ ನೇರವಾಗಿ ಓದುತ್ತೆ, ವಿಂಡೋಸ್‌ನ ವೇಗ ಗೇಮ್ ಒಳಗೆ ಲೆಕ್ಕಕ್ಕಿಲ್ಲ. ತೆಗೆದ್ರೆ ನಷ್ಟ ಏನಿಲ್ಲ, ಆದ್ರೆ ಇವರ ಕಾಯಿಲೆಗೆ ಅದು ಮದ್ದಲ್ಲ. ಮೌಸ್‌ಪ್ಯಾಡ್ ದೊಡ್ಡದು ಬೇಕು, ಅದಂತೂ ನಿಜ. ಅಂಗೈಯಗಲದ ಪ್ಯಾಡ್‌ನಲ್ಲಿ 43 ಸೆಂಟಿಮೀಟರ್ ಎಲ್ಲಿಂದ ಬರಬೇಕು?

ಕದಂಬ_ಕ್ಲಚ್
ಎಲ್ಲರೂ ಮೌಸ್ ಹಿಂದೆ ಬಿದ್ದಿದ್ದೀರಿ. "ನಾನೇ ಮೊದಲು ಹೊಡೆದೆ, ಆದ್ರೂ ನಾನೇ ಸತ್ತೆ" ಅನ್ನೋರಲ್ಲಿ ಹತ್ತಕ್ಕೆ ಒಂಬತ್ತು ಜನ ಓಡ್ತಾ ಹೊಡೀತಿರ್ತಾರೆ. ಈ ಗೇಮ್‌ನಲ್ಲಿ ರೈಫಲ್ ಹಿಡಿದು ಓಡುವಾಗ ಗುಂಡು ಗುರಿ ಇಟ್ಟ ಕಡೆ ಹೋಗಲ್ಲ. ಪೂರ್ತಿ ವೇಗದ ಸುಮಾರು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದ ಮೇಲೇ ಮೊದಲ ಗುಂಡು ನೆಟ್ಟಗೆ ಹೋಗೋದು.

ನೋಡ್ಬೇಕಾ? ಪ್ಲೇ ಒತ್ತಿ, ಪ್ರಾಕ್ಟೀಸ್ ವಿಭಾಗಕ್ಕೆ ಹೋಗಿ, ಬಾಟ್ ಇಲ್ಲದೆ ಒಂದು ಮ್ಯಾಪ್ ತೆರೀರಿ. ಎಕೆ ರೈಫಲ್ ಹಿಡಿದು ಖಾಲಿ ಗೋಡೆಯಿಂದ ಹತ್ತು-ಹದಿನೈದು ಹೆಜ್ಜೆ ಹಿಂದೆ ನಿಲ್ಲಿ. ಡಿ ಒತ್ತಿಕೊಂಡು ಬಲಕ್ಕೆ ಓಡ್ತಾ ಒಂದೊಂದೇ ಗುಂಡು ಹೊಡೀರಿ, ಐದು ಸಾಕು. ಹತ್ತಿರ ಹೋಗಿ ತೂತು ನೋಡಿ: ಒಂದು ಮೇಲೆ, ಒಂದು ಮಂಡಿ ಮಟ್ಟದಲ್ಲಿ, ಒಂದು ಎಲ್ಲೋ. ಈಗ ಅದನ್ನೇ ಬೇರೆ ಥರ ಮಾಡಿ. ಡಿ ಬಿಡಿ, ಅದೇ ಕ್ಷಣ ಎ ಒಮ್ಮೆ ತಟ್ಟಿ, ಆಮೇಲೆ ಗುಂಡು. ತೂತುಗಳೆಲ್ಲ ಒತ್ತಾಗಿ ಬಿದ್ದಿರುತ್ತೆ. ಕೀ ಬರೀ ಬಿಟ್ರೆ ಪಾತ್ರ ಸ್ವಲ್ಪ ದೂರ ಜಾರಿ ನಿಲ್ಲುತ್ತೆ, ಎದುರು ಕೀ ತಟ್ಟಿದ್ರೆ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತೆ. ಇದಕ್ಕೇ ಕೌಂಟರ್-ಸ್ಟ್ರೇಫ್ ಅನ್ನೋದು. ಬಲಕ್ಕೆ ಐವತ್ತು, ಎಡಕ್ಕೆ ಐವತ್ತು, ದಿನಾ ಮ್ಯಾಚ್‌ಗೆ ಮೊದಲು.

ಹೊಸಬ_ಹಾಸನ
ಈಗಷ್ಟೇ ಮಾಡಿ ನೋಡಿದೆ. ಗೋಡೆ ತುಂಬಾ ಸಿಡುಬು ಬಂದ ಹಾಗಿತ್ತು. ಎ ತಟ್ಟಿ ಹೊಡೆದ್ರೆ ನಿಜವಾಗ್ಲೂ ಒಂದೇ ಕಡೆ ಬೀಳುತ್ತೆ. ಆದ್ರೆ ಎ ಜಾಸ್ತಿ ಹೊತ್ತು ಒತ್ತಿ ಎಡಕ್ಕೆ ಓಡೋಕೆ ಶುರು ಮಾಡ್ತೀನಿ.

ಕದಂಬ_ಕ್ಲಚ್
ಅದೇ ಎಲ್ಲರ ಮೊದಲ ತಪ್ಪು. ಒತ್ತೋದಲ್ಲ, ತಟ್ಟೋದು. ಬೆರಳು ಬಿಸಿ ಕಾವಲಿ ಮುಟ್ಟಿದ ಹಾಗೆ.

ಕೀಬೋರ್ಡ್_ಕಿಟ್ಟಿ
ಇದನ್ನ ತಾನೇ ಮಾಡಿಕೊಡೋ ಕೀಬೋರ್ಡ್‌ಗಳು ಬಂದಿವೆಯಲ್ಲ, ಸ್ನ್ಯಾಪ್ ಟ್ಯಾಪ್ ಅಂತ. ಅದನ್ನ ತಗೊಂಡ್ರೆ ಮುಗೀತು.

ಕದಂಬ_ಕ್ಲಚ್
ತಗೊಂಡ್ರೆ ಮ್ಯಾಚ್‌ನಿಂದ ಹೊರಗೆ. 2024ರ ಆಗಸ್ಟ್‌ನಿಂದ, ಈ ಗೇಮ್ ಮಾಡಿದ ಕಂಪನಿ ವಾಲ್ವ್‌ನ ಅಧಿಕೃತ ಸರ್ವರ್‌ಗಳಲ್ಲಿ ಅದು ನಿಷಿದ್ಧ. ಗೇಮ್ ಪತ್ತೆ ಹಚ್ಚಿ ಕಿಕ್ ಮಾಡುತ್ತೆ. ಒಂದೇ ಕೀಗೆ ಚಲನೆಯ ಎರಡು ಕೆಲಸ ಕಟ್ಟೋ ಬೈಂಡ್‌ಗಳಿಗೂ ಅದೇ ಗತಿ. ಅಂಥ ಕೀಬೋರ್ಡ್ ಈಗಾಗ್ಲೇ ಇದ್ರೆ ಅದರ ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಆಫ್ ಮಾಡಿಟ್ಟು ಆಡಿ.

ಧಾರವಾಡ_ಪೇಡೆ
ಅಲ್ರೀ, ವೈಫೈ ಅಂತ ಅವ್ರ ಹೇಳ್ಯಾರ, ಅದನ್ನ ಯಾರೂ ಕೇಳವಲ್ರಿ. ಸೆಟ್ಟಿಂಗ್ಸ್‌ನ್ಯಾಗ ಗೇಮ್ ಅನ್ನೋ ಭಾಗಕ್ಕ ಹೋಗ್ರಿ, ಕೆಳಗ ಟೆಲಿಮೆಟ್ರಿ ಅಂತೈತಿ. ಫ್ರೇಮ್, ಪಿಂಗ್ (ಸರ್ವರ್‌ಗೆ ಹೋಗಿ ಬರೂ ಹೊತ್ತು, ಮಿಲಿಸೆಕೆಂಡ್‌ನ್ಯಾಗ), ಪ್ಯಾಕೆಟ್ ಲಾಸ್ (ದಾರಿಯೊಳಗ ಕಳೆದುಹೋದ ಮಾಹಿತಿ), ಮೂರೂ ಯಾವಾಗ್ಲೂ ಕಾಣೂ ಹಂಗ ಇಡ್ರಿ. ಪಿಂಗ್ 40 ಇದ್ರೂ ನಡೀತದ. ಪ್ಯಾಕೆಟ್ ಲಾಸ್ ಮಾತ್ರ ಸೊನ್ನಿ ಇರಬೇಕು. ಅದು ಒಂದೆರಡು ಪರ್ಸೆಂಟ್ ಆದ್ರೂ ಎದುರಿನಾಂವ ಜಿಗದ ಜಿಗದ ಕಾಣ್ತಾನ, ನೀವು ಹೊಡೆದ ಗುಂಡು ಲೆಕ್ಕಕ್ಕ ಬರಂಗಿಲ್ಲ. ರೂಟರ್‌ನಿಂದ ಒಂದು ಲ್ಯಾನ್ ವೈರ್ ಎಳೀರಿ, ಅಷ್ಟ.

ವೈರ್ ಎಳ್ಯಾಕ ಆಗಂಗಿಲ್ಲ ಅಂದ್ರ ವೈಫೈ 5 ಗಿಗಾಹರ್ಟ್ಸ್‌ಗೆ ಹಾಕ್ರಿ, ಅದೇ ಸೆಟ್ಟಿಂಗ್ಸ್‌ನ್ಯಾಗ ಪ್ಯಾಕೆಟ್ ಬಫರಿಂಗ್ 1 ಇಡ್ರಿ. ಒಂದ್ ಪ್ಯಾಕೆಟ್ ಅಂದ್ರ 15.6 ಮಿಲಿಸೆಕೆಂಡ್ ತಡ ಆಗ್ತದ, ಯಾಕಂದ್ರ ಸರ್ವರ್ ಸೆಕೆಂಡಿಗೆ 64 ಸಲ ಲೆಕ್ಕ ಹಾಕ್ತದ. ತಡ ಆದ್ರೂ ಜಿಗಿಯೂದಕ್ಕಿಂತ ಚಲೋ.

ಸ್ಪ್ರೇ_ಸಿದ್ದ
ಮ್ಯಾಚ್‌ಮೇಕಿಂಗ್‌ನ ಗರಿಷ್ಠ ಪಿಂಗ್ ಅನ್ನೋದನ್ನೂ ಇಳಿಸಿ. ನಮಗೆ ಮುಂಬೈ, ಚೆನ್ನೈ ಎರಡೂ ಕಡೆ ವಾಲ್ವ್ ಸರ್ವರ್ ಇದೆ. ಆ ಮಿತಿ ಮೇಲೆ ಇಟ್ಟಿದ್ರೆ ರಾತ್ರಿ ಹೊತ್ತಲ್ಲಿ ದುಬೈಗೋ ಸಿಂಗಪುರಕ್ಕೋ ಎತ್ತಿ ಹಾಕಿಬಿಡುತ್ತೆ. 80 ಇಡಿ ಸಾಕು. ತೀರಾ ಕಡಿಮೆ ಇಟ್ರೆ ಮ್ಯಾಚ್ ಸಿಗೋದೇ ತಡ ಆಗುತ್ತೆ.

ಗಲ್ಫ್_ಗೌಡ
ನಮಗೆ ದುಬೈ ಸರ್ವರ್ ಹತ್ತಿರ, ಊರಿನ ಹುಡುಗರಿಗೆ ಚೆನ್ನೈ. ಒಂದೇ ಲಾಬಿಯಲ್ಲಿ ಸೇರಿದ್ರೆ ಯಾರಾದ್ರೂ ಒಬ್ರು ಬಲಿ. ಊರಿನವರೇ ಜಾಸ್ತಿ ಇದ್ರೆ ನಾವೇ ಮಿತಿ ಏರಿಸಿಕೊಂಡು ಮುಂಬೈಗೆ ಬರೋದು ವಾಸಿ. ನಾಲ್ಕು ಜನರ ಆಟ ಕೆಡೋಕ್ಕಿಂತ ಒಬ್ಬನದು ಕೆಡಲಿ.

ಕದಂಬ_ಕ್ಲಚ್
144 ಹರ್ಟ್ಸ್ ಮಾನಿಟರ್ ಇದೆ ಅಂದ್ರಲ್ಲ, ಅದು ನಿಜವಾಗ್ಲೂ 144ರಲ್ಲಿ ಓಡ್ತಿದೆಯಾ? ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇ, ಅಲ್ಲಿ ನೋಡಿ. ಹೊಸ ಮಾನಿಟರ್ ಹಚ್ಚಿದವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ 60ರಲ್ಲೇ ಆಡ್ತಿರ್ತಾರೆ. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿರಬೇಕು, ಮದರ್‌ಬೋರ್ಡ್‌ಗಲ್ಲ. ವಿ-ಸಿಂಕ್ ಆಫ್. ಎನ್‌ವಿಡಿಯಾ ಕಾರ್ಡ್ ಇದ್ರೆ ರಿಫ್ಲೆಕ್ಸ್ ಆನ್.

ಹೊಸಬ_ಹಾಸನ
60ರಲ್ಲೇ ಇತ್ತು. ಏನು ಹೇಳ್ಲಿ ಈಗ.

ಸ್ಪ್ರೇ_ಸಿದ್ದ
😂😂 ಹಾರ ತುರಾಯಿ ತನ್ನಿ ಯಾರಾದ್ರೂ

ಕುಡ್ಲ_ಕ್ಯಾಂಪರ್
ಮಾರಾಯ್ರೆ, ಮಧ್ಯದಲ್ಲಿ ಒಂದು ಪ್ರಶ್ನೆ. ಮ್ಯಾಕ್‌ಬುಕ್‌ನಲ್ಲಿ ಇದು ಆಡ್ಲಿಕ್ಕೆ ಆಗ್ತದಾ?

ಲೆಕ್ಕದ_ಮೇಷ್ಟ್ರು
ಆಗಲ್ಲ. 2023ರ ಸೆಪ್ಟೆಂಬರ್ 27ಕ್ಕೆ ಸಿಎಸ್ 2 ಬಂದಾಗ ಮ್ಯಾಕ್ ಬೆಂಬಲ ಕೈಬಿಟ್ಟರು. ವಿಂಡೋಸ್, ಲಿನಕ್ಸ್ ಮಾತ್ರ. ಡಿಸ್ಕ್‌ನಲ್ಲಿ 85 ಜಿಬಿ ಖಾಲಿ ಇರಲಿ, ರ್‍ಯಾಮ್ ಕನಿಷ್ಠ 8.

ಹಳೇಕೆಫೆ_1.6
ಇದೆಲ್ಲ ಬಿಡಿ, ಗೇಮ್ ಒಳಗಿನ ದುಡ್ಡಿನ ವಿಷಯಕ್ಕೆ ಬನ್ನಿ. ಎಕೆ 2500, ಬಾಂಬ್ ನಿಲ್ಲಿಸೋ ಕಿಟ್ 200. ಮೊದಲ ರೌಂಡ್ ಸೋತ್ರೆ ಎರಡನೇದು ಬರೀ ಪಿಸ್ತೂಲ್.

ಲೆಕ್ಕದ_ಮೇಷ್ಟ್ರು
ಸಾರ್, ಅದು 1.6 ಅನ್ನೋ ಹಳೇ ಆವೃತ್ತಿ ಕಾಲದ ದರಪಟ್ಟಿ. ಈಗ ಎಕೆ 2700, ಡಿಫ್ಯೂಸ್ ಕಿಟ್ 400, ಎಂ4ಎ1-ಎಸ್ ರೈಫಲ್ 2900, ಎಡಬ್ಲ್ಯೂಪಿ ಅನ್ನೋ ಸ್ನೈಪರ್ ಗನ್ 4750. ಬರೀ ಕವಚ 650, ಹೆಲ್ಮೆಟ್ ಸೇರಿ 1000. ಗ್ರೆನೇಡ್‌ಗಳಲ್ಲಿ ಹೊಗೆಯ ಸ್ಮೋಕ್ 300, ಕಣ್ಣು ಕುರುಡಾಗಿಸೋ ಫ್ಲ್ಯಾಶ್ 200, ಬೆಂಕಿಯ ಮೊಲೊಟೊವ್ 400. ನೀವು ಹೇಳಿದ ನೀತಿ ಮಾತ್ರ ಇವತ್ತಿಗೂ ನಿಜ.

ಹೊಸಬರಿಗೆ "ಸೇವ್" ಅಂದ್ರೇನು ಅನ್ನೋದಕ್ಕೆ ಒಂದು ಲೆಕ್ಕ. ನೀವು ಟಿ ಕಡೆ, ಅಂದ್ರೆ ಬಾಂಬ್ ಇಡೋ ತಂಡ. ಮೊದಲ ರೌಂಡ್‌ಗೆ 800 ಸಿಗುತ್ತೆ, ಪೂರ್ತಿ ಖರ್ಚು ಮಾಡಿದ್ರಿ, ಬಾಂಬ್ ಇಡದೆ, ಯಾರನ್ನೂ ಕೊಲ್ಲದೆ ಸೋತ್ರಿ. ಸೋಲಿನ ದುಡ್ಡು 1900. ಈಗ ಎರಡು ದಾರಿ.

ಒಂದು: ಎರಡನೇ ರೌಂಡ್‌ನಲ್ಲಿ ಏನೂ ಕೊಳ್ಳಲ್ಲ. ಮತ್ತೆ ಸೋತ್ರೆ 2400 ಬರುತ್ತೆ, ಒಟ್ಟು 4300. ಎಕೆ 2700, ಹೆಲ್ಮೆಟ್ ಕವಚ 1000, ಉಳಿದ 600ರಲ್ಲಿ ಒಂದು ಸ್ಮೋಕ್, ಒಂದು ಫ್ಲ್ಯಾಶ್. ಮೂರನೇ ರೌಂಡ್‌ಗೆ ಐದೂ ಜನ ಪೂರ್ತಿ ಸಜ್ಜು.

ಎರಡು: ಎರಡನೇ ರೌಂಡ್‌ನಲ್ಲಿ ತಡೆಯೋಕಾಗದೆ 1800 ಕೊಟ್ಟು ಗಲಿಲ್ ರೈಫಲ್ ತಗೊಂಡ್ರಿ, ಕವಚ ಇಲ್ಲದೆ ಸತ್ರಿ. ಕೈಯಲ್ಲಿ 100, ಅದಕ್ಕೆ 2400 ಸೇರಿ 2500. ಮೂರನೇ ರೌಂಡ್‌ಗೆ ಬರೀ ಎಕೆಗೂ ಸಾಲಲ್ಲ. ನಾಲ್ವರು ಸಜ್ಜಾಗಿ ನಿಂತಿದ್ರೆ ನೀವೊಬ್ರು ಎಕೆ ಇಲ್ಲದೆ ನಿಂತಿರ್ತೀರಿ. ಕಿರುಚೋದು ಅದಕ್ಕೇ.

ಸತತ ಸೋತಷ್ಟೂ ಈ ಮೊತ್ತ 2900, ಆಮೇಲೆ 3400ಕ್ಕೆ ಏರಿ ಅಲ್ಲೇ ನಿಲ್ಲುತ್ತೆ.

ಧಾರವಾಡ_ಪೇಡೆ
ಮೇಷ್ಟ್ರ, ಒಂದು ಬಿಟ್ರಿ. ಟಿ ಕಡೆ ಇದ್ದಾಗ ಬಾಂಬ್ ಇಡದ ಟೈಮ್ ಮುಗದು ಸೋತ್ರ, ಜೀವಂತ ಉಳದಾವಂಗ ಸೋಲಿನ ದುಡ್ಡು ಒಂದ್ ಡಾಲರೂ ಬರಂಗಿಲ್ಲ. ರೈಫಲ್ ಉಳೀತು ಅಂತ ಮೂಲಿಯೊಳಗ ಕುಂತು ನಗಬ್ಯಾಡ್ರಿ. ಕೈಯಾಗ ಎಡಬ್ಲ್ಯೂಪಿ ಇದ್ರ ಉಳಸೂದು ಲಾಭ. ಬರೇ ಗ್ಲಾಕ್ ಪಿಸ್ತೂಲ್ ಹಿಡಕೊಂಡು ಅಡಗಿ ಕುಂತ್ರ ಪಕ್ಕಾ ಲುಕ್ಸಾನು.

ಮೌಸ್‌ಪ್ಯಾಡ್_ಮಂಜ
ತಪ್ಪಾಗಿ ಏನಾದ್ರೂ ಕೊಂಡ್ರೆ ಗಾಬರಿ ಬೇಡ. ಖರೀದಿ ಸಮಯ ಮುಗಿಯೋ ಮುಂಚೆ, ಬಳಸಿಲ್ಲ ಅಂದ್ರೆ, ಅದೇ ಮೆನುವಿನಲ್ಲಿ ವಾಪಸ್ ಕೊಡಬಹುದು. ದುಡ್ಡು ಜಾಸ್ತಿ ಇದ್ರೆ ಇನ್ನೊಂದು ರೈಫಲ್ ಕೊಂಡು ಜಿ ಒತ್ತಿ ಇಲ್ಲದವರ ಮುಂದೆ ಎಸೀರಿ. 16,000ಕ್ಕಿಂತ ಜಾಸ್ತಿ ಹೇಗೂ ಸೇರಲ್ಲ.

ಹಳೇಕೆಫೆ_1.6
ದರ ಏರಿದ್ದು ಒಪ್ಪಿದೆ. ಆದ್ರೆ ಎಂ4ಗೆ ಎಕೆಗಿಂತ ಜಾಸ್ತಿ ದುಡ್ಡು ಯಾಕೆ? ಹೆಲ್ಮೆಟ್ ಹಾಕಿದವನನ್ನ ತಲೆಗೆ ಒಂದೇ ಗುಂಡು ಹೊಡೆದು ಸಾಯಿಸೋಕೆ ಎಂ4 ಕೈಲಿ ಆಗಲ್ಲವಲ್ಲ.

ಕದಂಬ_ಕ್ಲಚ್
ಹೌದು, ಇರೋ 100 ಜೀವದಲ್ಲಿ ಹೆಲ್ಮೆಟ್ ಮೇಲೆ ಎಂ4 ಏಟು ಹತ್ತಿರದಿಂದಲೂ 92ರ ಆಸುಪಾಸು ನಿಲ್ಲುತ್ತೆ, ಎಕೆ 111. ಬದಲಿಗೆ ಎಂ4 ಹಿಡಿದುಕೊಳ್ಳೋದು ಸುಲಭ, ಕೈ ಅಷ್ಟು ಜಗ್ಗಲ್ಲ. ಹೊಸಬರು ಎರಡರಲ್ಲೂ ಇರೋ ಗುಂಡನ್ನೆಲ್ಲ ಒಂದೇ ಉಸಿರಿಗೆ ಖಾಲಿ ಮಾಡೋದು ಬಿಡ್ಬೇಕು. ದೂರ ಇದ್ರೆ ಎರಡು-ಮೂರು, ಮಧ್ಯಮ ದೂರಕ್ಕೆ ನಾಲ್ಕೈದು, ನಿಲ್ಲಿಸಿ, ಒಂದು ಹೆಜ್ಜೆ ಪಕ್ಕಕ್ಕೆ, ಮತ್ತೆ. ಎಕೆಯ ಮೊದಲ ಏಳೆಂಟು ಗುಂಡು ಮೇಲಕ್ಕೇ ಹೋಗುತ್ತೆ, ಮೌಸ್ ನಿಧಾನಕ್ಕೆ ಕೆಳಗೆಳೆದ್ರೆ ಸಾಕು. ಆಮೇಲಿನದು ಅಕ್ಕಪಕ್ಕ ಓಲಾಡುತ್ತೆ, ಅದನ್ನ ಈಗಲೇ ಕಲಿಯೋ ಅಗತ್ಯ ಇಲ್ಲ. ಕ್ರಾಸ್‌ಹೇರ್ (ಪರದೆ ನಡುವಿನ ಗುರಿ ಗುರುತು) ಸೆಟ್ಟಿಂಗ್‌ನಲ್ಲಿ "ಫಾಲೋ ರಿಕಾಯಿಲ್" ಆನ್ ಮಾಡಿ ಗೋಡೆಗೆ ಹೊಡೆದು ನೋಡಿ, ಗುಂಡು ಎತ್ತ ಹೋಗ್ತಿದೆ ಅಂತ ಕಣ್ಣಿಗೆ ಕಾಣುತ್ತೆ.

ಇನ್ನೊಂದು, ಕ್ರಾಸ್‌ಹೇರ್ ಯಾವಾಗ್ಲೂ ತಲೆಯ ಎತ್ತರದಲ್ಲಿ ಇರಲಿ. ನೆಲ ನೋಡ್ತಾ ಓಡಿದ್ರೆ ಶತ್ರು ಕಂಡಾಗ ಮೇಲೂ ಎತ್ತಬೇಕು, ಪಕ್ಕಕ್ಕೂ ಸರಿಸಬೇಕು. ಎತ್ತರ ಮೊದಲೇ ಸರಿ ಇದ್ರೆ ಅರ್ಧ ಕೆಲಸ ಮುಗಿದಿರುತ್ತೆ.

ಕುಡ್ಲ_ಕ್ಯಾಂಪರ್
ನಾನು ಮೂಲೆಗೆ ಅಂಟಿಕೊಂಡು ಕಾಯ್ತಾ ಇದ್ರೂ ಬರುವವನೇ ಮೊದಲು ನೋಡ್ತಾನೆ ಅಂತ ಅನಿಸ್ತದೆ. ಚೀಟ್ ಇರ್ಬಹುದಾ?

ಲೆಕ್ಕದ_ಮೇಷ್ಟ್ರು
ಚೀಟರ್‌ಗಳು ಇದ್ದಾರೆ, ಆದ್ರೆ ಇದಕ್ಕೆ ಎರಡು ಮಾಮೂಲಿ ಕಾರಣ ಇವೆ. ಅವನು ಮೂಲೆ ದಾಟಿದ್ದು ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಪರದೆಗೆ ಬರೋಕೆ ಹೊತ್ತು ಬೇಕು. ನಿಂತಿರೋ ನೀವು ಮಾತ್ರ ಅವನ ಪರದೆಯಲ್ಲಿ ಆಗಲೇ ಅಲ್ಲೇ ಇರ್ತೀರಿ. ಅಷ್ಟು ಮಿಲಿಸೆಕೆಂಡ್ ಅವನಿಗೆ ಬಿಟ್ಟಿ. ಇನ್ನೊಂದು ಬರೀ ರೇಖಾಗಣಿತ. ಮೂಲೆಗೆ ಅಂಟಿಕೊಂಡವನ ಭುಜ ದೂರದವನಿಗೆ ಮೊದಲು ಕಾಣುತ್ತೆ. ಅಂಟಿಕೊಳ್ಳಬೇಡಿ, ಏಳೆಂಟು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಒಂದು ಸಲ ಹೊಡೆದ ಮೇಲೆ ಅದೇ ಜಾಗದಲ್ಲಿ ಇರಬೇಡಿ.

ಹೊಸಬ_ಹಾಸನ
ಮೋಡ್ ಬಗ್ಗೆ ಯಾರೂ ಹೇಳ್ಲಿಲ್ಲ.

ಸ್ಪ್ರೇ_ಸಿದ್ದ
ಡೆತ್‌ಮ್ಯಾಚ್. ಸತ್ತ ತಕ್ಷಣ ಮತ್ತೆ ಹುಟ್ಟು, ಬೇಕಾದ ಗನ್ ಬಿಟ್ಟಿ. ದಿನಾ ಎರಡು ಆಟ, ಬರೀ ಎಕೆ, ಬರೀ ತಲೆಗೆ. ಸ್ಕೋರ್ ನೋಡಲೇಬೇಡ.

ಮೌಸ್‌ಪ್ಯಾಡ್_ಮಂಜ
ಅದಾದ ಮೇಲೆ ಒಂದು ವಾರ ಕ್ಯಾಶುವಲ್, ಬರೀ ಮ್ಯಾಪ್ ಕಲಿಯೋಕೆ. ಅಲ್ಲಿ ಕವಚ, ಕಿಟ್ ಬಿಟ್ಟಿ ಸಿಗುತ್ತೆ, ನಮ್ಮವರ ಗುಂಡು ನಮಗೆ ತಾಗಲ್ಲ. ಹಾಗಾಗಿ ದುಡ್ಡಿನ ಪಾಠ ಅಲ್ಲಿ ಕಲಿಯೋಕಾಗಲ್ಲ. ಆಮೇಲೆ ಕಾಂಪಿಟಿಟಿವ್‌ನಲ್ಲಿ ಒಂದೇ ಮ್ಯಾಪ್ ಆರಿಸಿ ಅದನ್ನೇ ಆಡಿ, ಮಿರಾಜ್ ಅಥವಾ ಡಸ್ಟ್ 2. ಪ್ರೀಮಿಯರ್ ಈಗಲೇ ಬೇಡ. ಅಲ್ಲಿ ಎರಡು ತಂಡಗಳೂ ಬ್ಯಾನ್ ಮಾಡ್ತಾ ಹೋಗಿ 7ರಲ್ಲಿ ಉಳಿದ ಮ್ಯಾಪ್ ಆಡಬೇಕು. ನಿಮಗೆ ಗೊತ್ತಿರೋದು ಒಂದೇ ಆದ್ರೆ ಅದೇ ಮೊದಲು ಹೋಗುತ್ತೆ. 10 ಗೆದ್ದ ಮೇಲೇ ರೇಟಿಂಗ್ ಕಾಣೋದು, ಪ್ರೈಮ್ ಅನ್ನೋ ಖಾತೆ ದರ್ಜೆ ಬೇರೆ ಬೇಕು.

ಹಳೇಕೆಫೆ_1.6
ಆಡ್ತಾ ಆಡ್ತಾ ಪ್ರೈಮ್ ತಾನೇ ಸಿಗುತ್ತಲ್ಲ?

ಲೆಕ್ಕದ_ಮೇಷ್ಟ್ರು
2021ರ ಜೂನ್‌ವರೆಗೆ ಸಿಗ್ತಿತ್ತು. ಈಗ ಕೊಂಡುಕೊಳ್ಳಲೇಬೇಕು. ಕೊಂಡರೆ ಪ್ರೈಮ್ ಇರೋರ ಜೊತೆಗೇ ಮ್ಯಾಚ್ ಬೀಳುತ್ತೆ, ಹೊಸ ಖಾತೆ ಮಾಡಿ ಚೀಟ್ ಹಾಕೋರು ಸ್ವಲ್ಪ ಕಡಿಮೆ. ಮೊದಲ ತಿಂಗಳಿಗೆ ಅಗತ್ಯ ಇಲ್ಲ.

ರೇಡಾರ್_ರತ್ನ
ಮಾತಾಡೋದರ ಬಗ್ಗೆ ನಾಲ್ಕು ಮಾತು. "ಅಲ್ಲಿದಾನೆ ಅಲ್ಲಿದಾನೆ, ಅಯ್ಯೋ ಹೋದೆ" ಅಂದ್ರೆ ಯಾರಿಗೂ ಉಪಯೋಗ ಇಲ್ಲ. ಜಾಗ, ಎಷ್ಟು ಜನ, ಎಷ್ಟು ಏಟು. "ಪ್ಯಾಲೇಸ್ ಇಬ್ರು, ಒಬ್ಬನಿಗೆ 80 ಬಿದ್ದಿದೆ." ಮುಗೀತು, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಉಳಿದವನು ಹೆಜ್ಜೆ ಸದ್ದು ಕೇಳಿಸಿಕೊಂಡು ಆಡ್ತಿರ್ತಾನೆ. ಮಿರಾಜ್‌ನಲ್ಲಿ ಪ್ಯಾಲೇಸ್, ರ್‍ಯಾಂಪ್, ಕನೆಕ್ಟರ್, ಜಂಗಲ್, ವಿಂಡೋ, ಅಪಾರ್ಟ್‌ಮೆಂಟ್, ಮಾರ್ಕೆಟ್, ಈ ಏಳು ಹೆಸರು ಬಂದ್ರೆ ಮುಕ್ಕಾಲು ಮ್ಯಾಚ್ ನಡೆಯುತ್ತೆ. ಮೈಕ್ ಇಲ್ಲ ಅಂದ್ರೆ ತಂಡದ ಚಾಟ್‌ನಲ್ಲಿ "2" ಅಂತ ಟೈಪ್ ಮಾಡಿದ್ರೂ ಸಾಕು, ಹೆಸರಿನ ಪಕ್ಕ ನೀವಿರೋ ಜಾಗ ತಾನೇ ಬರುತ್ತೆ.

ರೇಡಾರ್ (ಪರದೆ ಮೂಲೆಯ ಪುಟ್ಟ ಮ್ಯಾಪ್) ಝೂಮ್ ಇಳಿಸಿ, ಇಡೀ ಮ್ಯಾಪ್ ಕಾಣೋ ಹಾಗೆ ಇಡಿ. ಬಾಂಬ್ ಇಡೋ ಜಾಗ ಎರಡು, ಎ ಮತ್ತು ಬಿ. ನಿಮ್ಮ ನಾಲ್ವರೂ ಎ ಕಡೆ ಇರೋದು ಕಂಡ್ರೆ ಬಿ ನಿಮ್ಮ ತಲೆಗೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಕುಡ್ಲ_ಕ್ಯಾಂಪರ್
ಕನ್ನಡದಲ್ಲಿ ಹೇಳಿದ್ರೆ ಉಳಿದವರಿಗೆ ಗೊತ್ತಾಗ್ಲಿಕ್ಕಿಲ್ಲ ಅಲ್ವಾ? ಅರಮನೆ, ಕಾಡು, ಸಂತೆ ಅಂತ ಹೇಳುದಾ?

ಸ್ಪ್ರೇ_ಸಿದ್ದ
"ಅರಮನೆಯಲ್ಲಿ ಈರ್ವರು" 😂 ಕಾಮೆಂಟರಿ ಕೇಳೋಕೆ ಚೆನ್ನಾಗಿರುತ್ತೆ

ರೇಡಾರ್_ರತ್ನ
ಐದೂ ಜನ ನಮ್ಮವರಾದ್ರೆ ಕನ್ನಡ. ಒಬ್ಬ ಹೊರಗಿನವನಿದ್ರೂ ಜಾಗದ ಹೆಸರು ಮತ್ತು ಸಂಖ್ಯೆ ಎಲ್ಲರಿಗೂ ಗೊತ್ತಿರೋದೇ ಇರಲಿ, ಬೈಗುಳ ಕನ್ನಡದಲ್ಲಿ ಇಟ್ಕೊಳ್ಳಿ.

ಧಾರವಾಡ_ಪೇಡೆ
ಹೆಜ್ಜಿ ಸಪ್ಪಳ ಅಂದದ್ದಕ್ಕ ನೆನಪಾತು. ಹೆಡ್‌ಫೋನ್‌ನ ಸಾಫ್ಟ್‌ವೇರ್‌ನ್ಯಾಗ 7.1 ಸರೌಂಡ್ ಇದ್ರ ತಗೀರಿ, ಗೇಮ್ ತಾನ ದಿಕ್ಕು ಲೆಕ್ಕ ಹಾಕ್ತದ. ಎರಡೂ ಕೂಡಿದ್ರ ಹಿಂದಿನಾಂವ ಮುಂದ ಕೇಳ್ತಾನ. ನೀವು ಶಿಫ್ಟ್ ಒತ್ತಿ ನಡದ್ರ ಸಪ್ಪಳ ಆಗಂಗಿಲ್ಲ.

ಫ್ಲ್ಯಾಶ್_ಫಕೀರ
ಗ್ರೆನೇಡ್ ಬಗ್ಗೆ ಇಷ್ಟೇ: ಎಡ ಬಟನ್ ದೂರ, ಬಲ ಬಟನ್ ಹತ್ತಿರ, ಎರಡೂ ಸೇರಿಸಿದ್ರೆ ಮಧ್ಯಮ. ಸ್ಮೋಕ್ ಎಸೆದ್ರೆ ಉರಿಯೋ ಮೊಲೊಟೊವ್ ಆರುತ್ತೆ. ಶತ್ರು ಸ್ಮೋಕ್ ಒಳಗೆ ಬಾಂಬ್ ಗ್ರೆನೇಡ್ ಎಸೆದ್ರೆ ಹೊಗೆ ಒಂದು ಕ್ಷಣ ಸೀಳಿ ಆಚೆ ಕಾಣುತ್ತೆ. ಫ್ಲ್ಯಾಶ್ ಎಸೆದವರು ಅದನ್ನೇ ನೋಡ್ತಾ ನಿಲ್ಲಬೇಡಿ, ಮುಖ ತಿರುಗಿಸಿ, ಸಿಡಿದ ಮೇಲೆ ಹೊರಡಿ. ನಿಮ್ಮವರ ಎದುರು ಎಸೆಯೋ ಮುಂಚೆ "ಫ್ಲ್ಯಾಶ್" ಅಂತ ಒಂದು ಮಾತು. ಇಲ್ಲ ಅಂದ್ರೆ ನಾಲ್ಕು ಜನ ಕುರುಡರು, ಐದನೆಯವರು ತಪ್ಪಿತಸ್ಥರು.

ರೇಡಾರ್_ರತ್ನ
ಮಧ್ಯದಲ್ಲಿ ಮ್ಯಾಚ್ ಬಿಟ್ಟು ಹೋಗಬೇಡಿ. ಮೊದಲ ಸಲ 30 ನಿಮಿಷ, ಆಮೇಲೆ 2 ಗಂಟೆ, 24 ಗಂಟೆ, 7 ದಿನ ಹೀಗೆ ತಡೆ ಬೀಳುತ್ತೆ. ಕರೆಂಟ್ ಹೋಗಿ ಬಂದ್ರೆ ಮತ್ತೆ ಸೇರೋ ಬಟನ್ ಮೇಲೇ ಇರುತ್ತೆ. ಇನ್ನು, ಆಡಿದ ಮೇಲೆ ಯಾರೋ ಫ್ರೆಂಡ್ ರಿಕ್ವೆಸ್ಟ್ ಕಳಿಸಿ "ನಮ್ಮ ತಂಡಕ್ಕೆ ವೋಟ್ ಹಾಕಿ" ಅಂತ ಲಿಂಕ್ ಕೊಟ್ರೆ ಒತ್ತಲೇಬೇಡಿ. ಅಲ್ಲಿ ಬರೋ ಸ್ಟೀಮ್ ಲಾಗಿನ್ ಪುಟ ನಕಲಿ, ಖಾತೆಯೂ ಹೋಗುತ್ತೆ, ಸ್ಕಿನ್‌ಗಳೂ ಹೋಗುತ್ತೆ.

ಹೊಸಬ_ಹಾಸನ
ಎಲ್ಲಾ ಬರೆದಿಟ್ಕೊಂಡೆ. ಕೊನೇ ಪ್ರಶ್ನೆ. ಸಿಟಿ ಕಡೆ, ಅಂದ್ರೆ ಬಾಂಬ್ ತಡೆಯೋ ತಂಡದಲ್ಲಿ ನಾನೊಬ್ನೇ ಉಳಿದಿದ್ದೀನಿ, ಬಾಂಬ್ ಇಟ್ಟಾಗಿದೆ, ಕೈಯಲ್ಲಿ ಎಡಬ್ಲ್ಯೂಪಿ. ಡಿಫ್ಯೂಸ್‌ಗೆ ಹೋಗ್ಬೇಕಾ, ಓಡ್ಬೇಕಾ?

ಲೆಕ್ಕದ_ಮೇಷ್ಟ್ರು
ಬಾಂಬ್ ಇಟ್ಟ ಕ್ಷಣದಿಂದ 40 ಸೆಕೆಂಡ್. ಕಿಟ್ ಇದ್ರೆ ಡಿಫ್ಯೂಸ್‌ಗೆ 5, ಇಲ್ಲದಿದ್ರೆ 10. ಕಿಟ್ ಇಲ್ಲ ಅಂದ್ರೆ 30 ಸೆಕೆಂಡ್ ಒಳಗೆ ಅಲ್ಲಿಗೆ ತಲುಪಿ, ಇರೋರನ್ನೆಲ್ಲ ಮುಗಿಸಿ, ಇ ಒತ್ತಿ ಹಿಡಿದಿರಬೇಕು. ಎದುರಿಗೆ ಒಬ್ಬನೇ ಇದ್ರೆ ಹೋಗಿ. ಮೂವರಿದ್ರೆ ಸುಮ್ಮನೆ ಹಿಂದೆ ಸರೀರಿ, 4750ರ ಗನ್ ಮುಂದಿನ ರೌಂಡ್‌ಗೆ ಉಳಿಯಲಿ. ಸಿಟಿ ಕಡೆ ಬದುಕಿ ಉಳಿದ್ರೂ ಸೋಲಿನ ದುಡ್ಡು ಬರುತ್ತೆ.

ಹೊಸಬ_ಹಾಸನ
ಓಡೋದಾದ್ರೆ ಎಷ್ಟು ದೂರ?

ಸ್ಪ್ರೇ_ಸಿದ್ದ
ಬಾಂಬ್ ಸೈಟ್‌ನಿಂದ ಆಚೆ, ಇನ್ನೊಂದು ಸೈಟ್ ಕಡೆಗೆ. ಮತ್ತೆ ಓಡುವಾಗ ಚಾಕು ಕೈಯಲ್ಲಿ ಇರಲಿ, ಎಡಬ್ಲ್ಯೂಪಿ ಹಿಡಿದು ಓಡಿದ್ರೆ ವೇಗ ಇರಲ್ಲ.

ರೇಡಾರ್_ರತ್ನ
ಶನಿವಾರ ರಾತ್ರಿ ಒಂಬತ್ತೂವರೆಗೆ ಮಿರಾಜ್ ಲಾಬಿ ಹಾಕ್ತಿದ್ದೀನಿ, ನಾಲ್ವರು ಆಗಿದ್ದೀವಿ. ಹಾಸನದವರೇ, ಬರ್ತೀರಾ?

ಹೊಸಬ_ಹಾಸನ
ಬರ್ತೀನಿ. ಲ್ಯಾನ್ ವೈರ್ ನಾಳೆ ತರ್ತೀನಿ, 15 ಮೀಟರ್ ಬೇಕಾಗುತ್ತೆ, ಅಷ್ಟುದ್ದ ಎಳೆದ್ರೆ ಪಿಂಗ್ ಜಾಸ್ತಿ ಆಗುತ್ತಾ?

ಧಾರವಾಡ_ಪೇಡೆ
ಇಲ್ರೀ. 100 ಮೀಟರ್ ತನಕ ಏನೂ ಆಗಂಗಿಲ್ಲ. ಕ್ಯಾಟ್ 6 ಕೇಳಿ ತಗೊಳ್ರಿ, ಬಾಗಲ ಸಂದಿಯೊಳಗ ಸಿಗಸಬ್ಯಾಡ್ರಿ.